ಕಿಕ್ ಡ್ರಮ್ ರಟ್ಟಿನ ಡಬ್ಬದ ಹಾಗೆ ಕೇಳ್ತಿದೆ, ನನಗೆ ಬೇಕಿರೋದು ಎದೆಗೆ ಗುದ್ದೋ ‘ಧುಮ್’

ಗುತ್ತಲು ಗ್ರೂವ್ (ಮಂಡ್ಯ), ಶನಿವಾರ ರಾತ್ರಿ 11:20

ಎಲ್ರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದ್ಕೊಂಡು ಹೋಗ್ತಿದ್ದವನು, ಬರೀತಿರೋದು ಇದೇ ಮೊದಲು.

ನಮ್ಮದು ನಾಲ್ಕು ಜನದ ಗುಂಪು. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಿಗೆ ನುಡಿಸಿ ಕೂಡಿಟ್ಟ ದುಡ್ಡಲ್ಲಿ ಸ್ವಂತದ ಎರಡು ಹಾಡು ರೆಕಾರ್ಡ್ ಮಾಡ್ಕೊಳ್ತಿದ್ದೀವಿ. ಜಾಗ ಅಂದ್ರೆ ನಮ್ಮ ಮಾವನ ಹಾರ್ಡ್‌ವೇರ್ ಅಂಗಡಿ ಮೇಲಿನ ರೂಮು. 10 ಅಡಿಗೆ 12 ಅಡಿ, ನಾಲ್ಕೂ ಕಡೆ ಸಿಮೆಂಟ್ ಗೋಡೆ, ಪಕ್ಕದಲ್ಲಿ ಹಿಟ್ಟಿನ ಗಿರಣಿ. ಗಿರಣಿ ನಿಂತ ಮೇಲೆ ರಾತ್ರಿ ಎಂಟರಿಂದ ನಮ್ಮ ಕೆಲಸ ಶುರು.

ಗಿಟಾರ್, ಕೀಬೋರ್ಡ್, ಸ್ನೇರ್ ಎಲ್ಲಾ ಒಂದು ಮಟ್ಟಕ್ಕೆ ಬಂದವು. ಕಿಕ್ (ಕಾಲಲ್ಲಿ ಪೆಡಲ್ ಒದ್ದು ಬಾರಿಸೋ ದೊಡ್ಡ ಡ್ರಮ್) ಒಂದೇ ಬಗ್ತಿಲ್ಲ. ಕಿಟ್ಟು ಸೆಕೆಂಡ್ ಹ್ಯಾಂಡು, ಕಿಕ್ 22 ಇಂಚು ಅಗಲ, 16 ಇಂಚು ಆಳ. ಮೈಕು ಗೆಳೆಯನ ಹತ್ರ ಇಸ್ಕೊಂಡ ಎಕೆಜಿ ಡಿ112. ಒದ್ರೆ ರಟ್ಟಿನ ಡಬ್ಬ ಬಡಿದ ಹಾಗೆ ‘ಟಪ್ ಟಪ್’ ಅನ್ನತ್ತೆ. ಈಕ್ವಲೈಸರ್‌ನಲ್ಲಿ 60 ಹರ್ಟ್ಸ್ ಹತ್ರ, ಅಂದ್ರೆ ತಗ್ಗು ಸದ್ದಿರೋ ಕಡೆ, 12 ಡೆಸಿಬೆಲ್ ಏರಿಸಿದೆ. ಸ್ಪೀಕರಿನ ಕೋನ್ ಗಡಗಡ ಅಲ್ಲಾಡ್ತು, ಸದ್ದು ಮಾತ್ರ ಬರಲಿಲ್ಲ.

ಊರ ಹಬ್ಬದಲ್ಲಿ ತಮಟೆ ಮೇಳ ಬರ್ತಿದೆ ಅಂತ ಎರಡು ಬೀದಿ ಆಚೆಯಿಂದಲೇ ಎದೆಗೆ ಗೊತ್ತಾಗತ್ತಲ್ಲ, ಆ ‘ಧುಮ್’ ನನಗೆ ಬೇಕು. ಹಾಡಲ್ಲಿ ತಮಟೆನೂ ಇದೆ, ಅದರ ಅಡಿಗೆ ಕಿಕ್ ಕೂರಬೇಕು. ಮೈಕ್ ಬದಲಾಯಿಸ್ಲಾ? ಶ್ಯೂರ್ ಬೀಟಾ 52ಎ ತಗೊಂಡ್ರೆ ಸರಿಹೋಗತ್ತಾ? ಇನ್ನೊಬ್ರ ಹತ್ರ ಸಾಲ ಕೇಳೋಕೆ ಮುಂಚೆ ನಿಮ್ಮನ್ನ ಕೇಳ್ತಿದ್ದೀನಿ.

ಪ್ಲಗಿನ್ ಪುಟ್ಟ (ಮೈಸೂರು), ಶನಿವಾರ ರಾತ್ರಿ 11:34

ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ಸದ್ದು) ಹಾಕಿ ಮುಗಿಸು ಗುರು. ಕಿಕ್ ಬಿದ್ದ ಕಡೆಯಲ್ಲೆಲ್ಲ ಒಳ್ಳೇ ಸ್ಟುಡಿಯೋ ಕಿಕ್ ಕೂರಿಸೋಕೆ ಹತ್ತು ನಿಮಿಷ ಸಾಕು. ಈಗಿನ ಎಷ್ಟೋ ಹಾಡುಗಳಲ್ಲಿ ಇರೋದು ಅದೇ.

ಹಳೇ ಚರ್ಮ (ಮೈಸೂರು, ಲಷ್ಕರ್ ಮೊಹಲ್ಲಾ), ಶನಿವಾರ ರಾತ್ರಿ 11:58

ಪುಟ್ಟ, ಅವನು ಅಡುಗೆ ಕಲಿಸಿ ಅಂದ, ನೀನು ಹೋಟೆಲ್ ವಿಳಾಸ ಕೊಟ್ಟೆ.

ತಮ್ಮಾ ಗುತ್ತಲು, ಮೈಕ್ ವಿಷಯ ಆಮೇಲೆ. ಡಿ112 ಕಿಕ್‌ಗೇ ಅಂತ ಮಾಡಿದ ಮೈಕು, ಅದರ ಅಪ್ಪ ಡಿ12 ಬಂದಿದ್ದು 1953ರಲ್ಲಿ. ಅದರ ತಪ್ಪೇನೂ ಇರಲ್ಲ. ನೀನು ಮೊದಲು ಇಷ್ಟಕ್ಕೆ ಉತ್ತರ ಕೊಡು. ಡ್ರಮ್ ಒಳಗೆ ಏನು ತುರುಕಿದ್ದೀಯ? ಮುಂದಿನ ಹೆಡ್ (ಡ್ರಮ್ಮಿನ ಬಾಯಿಗೆ ಬಿಗಿಯೋ ಹಾಳೆ) ಇದೆಯಾ, ತೂತು ಎಷ್ಟು ದೊಡ್ಡದು? ಒದೆಯೋ ಕಡೆ ಹೆಡ್ ಎಷ್ಟು ಬಿಗಿ? ಬೀಟರ್, ಅಂದ್ರೆ ಪೆಡಲ್ ಒದ್ದಾಗ ಹೆಡ್ಡಿಗೆ ಬಡಿಯೋ ಗುಂಡು, ಫೆಲ್ಟೋ ಪ್ಲಾಸ್ಟಿಕ್ಕೋ? ಮೈಕ್ ಎಲ್ಲಿಟ್ಟಿದ್ದೀಯ?

ಗುತ್ತಲು ಗ್ರೂವ್, ಭಾನುವಾರ ಬೆಳಿಗ್ಗೆ 9:10

ಅಣ್ಣಾ, ಒಳಗೆ ಒಂದು ಪೂರ್ತಿ ರಜಾಯಿ ಇದೆ. ಮೊದಲು ‘ಬೋಂಯ್’ ಅಂತ ಗುಂಯ್‌ಗುಡ್ತಿತ್ತು, ಅದಕ್ಕೆ ತುರುಕಿದೆ. ಮುಂದಿನ ಹೆಡ್ಡಿದೆ, ಬದಿಗೆ ಐದಿಂಚಿನ ತೂತು, ಸ್ವಲ್ಪ ಸಡಿಲವಾಗಿದೆ. ಒದೆಯೋ ಕಡೆ ಚೆನ್ನಾಗಿ ಬಿಗಿ ಮಾಡಿದ್ದೀನಿ, ಬಿಗಿ ಇದ್ರೆ ಗುದ್ದು ಜಾಸ್ತಿ ಅನ್ಕೊಂಡೆ. ಬೀಟರ್ ಎರಡೂ ಮುಖದ್ದು, ಪ್ಲಾಸ್ಟಿಕ್ ಕಡೆ ಹಾಕಿದ್ದೀನಿ. ಮೈಕ್ ತೂತಿನೊಳಗೆ ತೂರಿಸಿ ಬೀಟರ್‌ಗೆ ಮೂರು ಬೆರಳು ದೂರದಲ್ಲಿ ರಜಾಯಿ ಮೇಲೇ ಮಲಗಿಸಿದ್ದೀನಿ.

ಹೆಡ್ಡು ಎಷ್ಟು ಹಳೇದು ಅಂತ ಗೊತ್ತಿಲ್ಲ. ಬೀಟರ್ ಬೀಳೋ ಜಾಗ ಕಪ್ಪಗಾಗಿ ಗುಳಿ ಬಿದ್ದಿದೆ.

ಹಳೇ ಚರ್ಮ, ಭಾನುವಾರ ಬೆಳಿಗ್ಗೆ 10:45

ಸರಿ, ಒಂದೊಂದಾಗಿ ನೋಡೋಣ. ನೀನು ಮಾಡಿರೋದು ಕುದುರೆ ಬಾಯಿ ಕಟ್ಟಿ ಓಡು ಅಂದ ಹಾಗೆ. ರಜಾಯಿ ಶೆಲ್ಲಿನ (ಡ್ರಮ್ಮಿನ ಒಡಲಿನ) ಗಾಳಿಯನ್ನೆಲ್ಲ ನುಂಗಿದೆ, ಪ್ಲಾಸ್ಟಿಕ್ ಬೀಟರ್ ಬರೀ ‘ಟಕ್’ ಕೊಡ್ತಿದೆ, ಮೈಕ್ ಆ ‘ಟಕ್’ ಪಕ್ಕದಲ್ಲೇ ಮಲಗಿದೆ. ಇಲ್ಲದೇ ಇರೋ 60 ಹರ್ಟ್ಸನ್ನ ಏರಿಸಿದ್ರೆ ಬರೋದು ಎಲ್ಲಿಂದ?

ಈಗ ಎರಡೂ ಹೆಡ್ ಬಿಚ್ಚು. ಶೆಲ್ಲಿನ ಅಂಚನ್ನ ಒಣ ಬಟ್ಟೇಲಿ ಒರೆಸಿ, ಸುತ್ತ ಬೆರಳಾಡಿಸು. ಎಲ್ಲಾದ್ರೂ ಚಕ್ಕೆ ಎದ್ದಿದ್ರೆ ಅಲ್ಲಿ ಹೆಡ್ ಕೂರಲ್ಲ, ನೀನು ಎಷ್ಟೇ ಶ್ರುತಿ ಮಾಡಿದ್ರೂ ಒಂದು ಕಡೆ ಗೊರಗೊರ ಅಂತಾನೇ ಇರತ್ತೆ. ಗುಳಿ ಬಿದ್ದ ಹೆಡ್ಡನ್ನ ಬಿಸಾಕು. ದುಡ್ಡು ಹಾಕೋದಿದ್ರೆ ಮೈಕಿಗಲ್ಲ, ಇದಕ್ಕೆ ಹಾಕು. ರೆಮೋ ಪವರ್‌ಸ್ಟ್ರೋಕ್ 3 ಅಥವಾ ಇವಾನ್ಸ್ ಇಮ್ಯಾಡ್ ತರದ್ದು ತಗೋ. ಪವರ್‌ಸ್ಟ್ರೋಕಿನ ಒಳ ಅಂಚಿಗೆ ತೆಳು ಪಟ್ಟಿ ಇರತ್ತೆ, ಇಮ್ಯಾಡಿಗೆ ಹೊರಗಿಂದ ಹಾಕೋ ಫೋಮ್ ಉಂಗುರ. ಎರಡೂ ಅಂಚಿನ ಗುಂಯ್‌ಕಾರವನ್ನ ತಾವೇ ತಿಂದ್ಕೊಳ್ಳತ್ವೆ, ರಜಾಯಿ ಕೆಲಸ ಉಳೀತು.

ಹೊಸ ಹೆಡ್ ಕೂರಿಸಿ ಎಲ್ಲಾ ಸ್ಕ್ರೂ ಬೆರಳಲ್ಲೇ ತಿರುಗೋವರೆಗೆ ತಿರುಗಿಸು. ಆಮೇಲೆ ಕೀ ಹಿಡಿದು ಅರ್ಧರ್ಧ ಸುತ್ತು. ಒಂದು ಲಗ್ (ಸ್ಕ್ರೂ ಕೂರೋ ಜಾಗ) ಆದ್ಮೇಲೆ ಅದರ ಎದುರಿನದ್ದು. ಪಕ್ಕಪಕ್ಕದ್ದನ್ನ ಸುತ್ತುತ್ತಾ ಹೋದ್ರೆ ಹೂಪ್, ಅಂದ್ರೆ ಹೆಡ್ಡನ್ನ ಹಿಡಿಯೋ ಬಳೆ, ಸೊಟ್ಟಗೆ ಕೂತ್ಕೊಳತ್ತೆ. ನಡುವೆ ಅಂಗೈ ಒತ್ತಿ ನೋಡ್ತಿರು, ಅಂಚಲ್ಲಿ ಸುಕ್ಕು ಕಾಣತ್ತೆ. ಕೊನೇ ಸುಕ್ಕು ಹೋದ ಜಾಗದಿಂದ ಕಾಲು ಸುತ್ತು ಮೇಲಕ್ಕೆ, ಅಲ್ಲಿ ನಿಲ್ಲು. ಒದೆಯೋ ಕಡೆಗೆ ಅಷ್ಟೇ ಸಾಕು. ಅದಕ್ಕಿಂತ ಸಡಿಲ ಬಿಟ್ರೆ ತಗ್ಗು ಸದ್ದು ಬರತ್ತೆ ಅಂತ ಸುಮಾರು ಜನ ಅನ್ಕೊಂಡಿದ್ದಾರೆ. ಬರೋದು ಸದ್ದಲ್ಲ, ಟಾರ್ಪಾಲು ಒದರಿದ ಶಬ್ದ.

ಮುಂದಿನ ಹೆಡ್ಡನ್ನ ಅದಕ್ಕಿಂತ ಚೂರು ಹೆಚ್ಚು ಬಿಗಿ ಮಾಡು. ಒದೆಯೋ ಕಡೆ ಪೆಟ್ಟು ಹೇಳತ್ತೆ, ಮುಂದಿನ ಕಡೆ ಸ್ವರ ಹೇಳತ್ತೆ, ಸದ್ದು ಎಷ್ಟು ಹೊತ್ತು ನಿಲ್ಲತ್ತೆ ಅನ್ನೋದನ್ನೂ ಹೇಳತ್ತೆ. ನಿನಗೆ ‘ಧುಮ್’ನಲ್ಲಿ ಆ ‘ಉಮ್’ ಬೇಕಲ್ಲ, ಅದು ಬರೋದು ಇಲ್ಲಿಂದ. ಪ್ರತಿ ಲಗ್ ಹತ್ರ, ಅಂಚಿಂದ ಎರಡಿಂಚು ಒಳಗೆ ಬೆರಳಲ್ಲಿ ತಟ್ಟಿ ಎಲ್ಲಾ ಕಡೆ ಒಂದೇ ಸ್ವರ ಬರೋ ಹಾಗೆ ನೋಡ್ಕೋ.

ರಜಾಯಿಯನ್ನ ಮನೆಗೆ ವಾಪಸ್ ಕೊಡು. ಬೇಕಿದ್ರೆ ಒಂದು ಟವೆಲ್ ಸುತ್ತಿ ಒದೆಯೋ ಹೆಡ್ಡಿಗೆ ತಾಗೀ ತಾಗದ ಹಾಗೆ ತಳದಲ್ಲಿಡು. ಒಳಗೆ ಬಟ್ಟೆ ತುರುಕೋದು ಪಾಪ ಅಂತ ನಾನು ಹೇಳ್ತಿಲ್ಲ. 1966ರಲ್ಲಿ ಬೀಟಲ್ಸ್‌ನ ರಿಂಗೋ ಡ್ರಮ್ಮಿಗೆ ಎಂಜಿನಿಯರ್ ಜೆಫ್ ಎಮೆರಿಕ್ ಉಣ್ಣೆ ಸ್ವೆಟರ್ ತುರುಕಿ, ಮೈಕನ್ನ ಹತ್ರಕ್ಕೆ ತಂದು ಹೊಸದೇ ಸದ್ದು ತೆಗೆದ. ಆದ್ರೆ ಅದು ಬಿಗಿಯಾದ, ಒಣಗಿದ ಸದ್ದು. ನೀನು ಕೇಳ್ತಿರೋದು ಅದರ ತದ್ವಿರುದ್ಧ.

ಪ್ಲಗಿನ್ ಪುಟ್ಟ, ಭಾನುವಾರ ಬೆಳಿಗ್ಗೆ 11:02

ಇಷ್ಟೆಲ್ಲ ಸುತ್ತೋದ್ರಲ್ಲಿ ನಾನು ಆಲ್ಬಂ ಮುಗಿಸ್ತೀನಿ ಅಂಕಲ್.

ಹಳೇ ಚರ್ಮ, ಭಾನುವಾರ ಬೆಳಿಗ್ಗೆ 11:05

ಮುಗಿಸು ಮಗಾ. ಎಲ್ಲಾ ಹಾಡಲ್ಲೂ ಒಂದೇ ಕಿಕ್ ಕೇಳಿಸ್ಕೊಂಡು ಕೂತಿರು.

ಸರಸ್ವತಿಪುರಂ ಸೌಂಡು (ಮೈಸೂರು), ಭಾನುವಾರ ಮಧ್ಯಾಹ್ನ 1:30

ಹಳೇ ಚರ್ಮ ಅವರು ಡ್ರಮ್ ವಿಷಯ ಸರಿಯಾಗಿ ಹೇಳಿದ್ದಾರೆ. ನಾನು ರೂಮಿನ ಬಗ್ಗೆ ಒಂದು ಪ್ರಶ್ನೆ ಕೇಳ್ತೀನಿ: ರೆಕಾರ್ಡ್ ಆದದ್ದನ್ನು ನೀವು ಎಲ್ಲಿ ಕೂತು ಕೇಳ್ತೀರಿ? ಅದೇ ರೂಮಿನ ನಡುಮಧ್ಯದಲ್ಲಿ ಅಲ್ವಾ?

ಲೆಕ್ಕ ಹಾಕಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗತ್ತೆ. ನಿಮ್ಮ 10 ಅಡಿ ಅಂದ್ರೆ 3.05 ಮೀಟರ್. ಎದುರುಬದುರು ಗೋಡೆಗಳ ನಡುವೆ ನಿಲ್ಲೋ ಮೊದಲ ಅಲೆ 343ನ್ನು 6.1ರಿಂದ ಭಾಗಿಸಿದಷ್ಟು, ಸುಮಾರು 56 ಹರ್ಟ್ಸ್. 12 ಅಡಿ ಕಡೆದು ಸುಮಾರು 47. ಆ ಅಲೆಯ ಒತ್ತಡ ಗೋಡೆ ಹತ್ತಿರ ಅತಿ ಹೆಚ್ಚು, ನಡುಮಧ್ಯದಲ್ಲಿ ಹೆಚ್ಚುಕಡಿಮೆ ಸೊನ್ನೆ. ಅಂದ್ರೆ ನೀವು ಹುಡುಕ್ತಿರೋ ‘ಧುಮ್’ ಯಾವ ಹರ್ಟ್ಸ್ ಸುತ್ತ ಇರಬೇಕೋ ಸರಿಯಾಗಿ ಅದಕ್ಕೇ ನಿಮ್ಮ ಕುರ್ಚಿ ಇರೋ ಜಾಗ ಕಿವುಡು. ಕೋನ್ ಅಲ್ಲಾಡ್ತಿತ್ತು, ಸದ್ದು ಬರಲಿಲ್ಲ ಅಂದ್ರಲ್ಲ, ಅದಕ್ಕೆ ಇದೂ ಒಂದು ಕಾರಣ.

ಇವತ್ತೇ ಒಂದು ಪರೀಕ್ಷೆ ಮಾಡಿ. ಹಾಡು ಹಾಕಿ ಎದ್ದು ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತು ಕೇಳಿ. ಆಮೇಲೆ ಮೂಲೆಯಲ್ಲಿ ಕೇಳಿ. 12 ಡೆಸಿಬೆಲ್ ಏರಿಸಿದ್ದು ಅಲ್ಲಿ ಹೇಗೆ ಕೇಳತ್ತೆ ಹೇಳಿ.

ಇದೇ ಮಾತು ಡ್ರಮ್ಮಿಗೂ ಅನ್ವಯ. ಕಿಟ್ಟನ್ನು ನಡುವಿಂದ ಒಂದು ಗೋಡೆ ಕಡೆಗೆ ಒಂದೊಂದೇ ಅಡಿ ಸರಿಸಿ, ಪ್ರತಿ ಸಲ ಒದ್ದು ನೋಡಿ. ಯಾವ ಮೈಕ್ ಕೊಂಡ್ರೂ ಸಿಗದಷ್ಟು ವ್ಯತ್ಯಾಸ ನಾಲ್ಕು ಹೆಜ್ಜೆಯಲ್ಲಿ ಸಿಗತ್ತೆ.

ಬನ್ನಿಮಂಟಪ ಬ್ಯಾಂಡು, ಭಾನುವಾರ ಮಧ್ಯಾಹ್ನ 2:15

ಜಂಬೂ ಸವಾರಿ ದಿನ ಪೊಲೀಸ್ ಬ್ಯಾಂಡಿನ ಬಾಸ್ ಡ್ರಮ್ ಕೇಳಿ ಸ್ವಾಮಿ. ಎದೆಗೆ ನೇತುಹಾಕಿಕೊಂಡು ಎರಡೂ ಕಡೆ ಬಡೀತಾರೆ. ಮೈಕೂ ಇಲ್ಲ, ಈಕ್ವಲೈಸರ್ರೂ ಇಲ್ಲ, ಅರ್ಧ ಮೈಲಿಗೆ ಕೇಳತ್ತೆ.

ನಿರ್ವಾಹಕ, ಭಾನುವಾರ ಮಧ್ಯಾಹ್ನ 2:40

ದಸರಾ ವಿಷಯಕ್ಕೆ ಬೇರೆ ಎಳೆ ಇದೆ. ಇಲ್ಲಿ ಕಿಕ್ ಮಾತ್ರ.

ತಮಟೆ ಮನೆಯವ (ಪಾಂಡವಪುರ), ಭಾನುವಾರ ಸಂಜೆ 6:50

ನಾನೂ ಒಂದ್ ಮಾತ್ ಹೇಳ್ತೀನಿ, ತಪ್ಪಿದ್ರೆ ಹೊಟ್ಗಾಕೊಳಿ. ನಮ್ಮಪ್ಪ, ತಾತ ಎಲ್ಲಾ ತಮಟೆ ಬಡ್ದೋರು. ಪೂಜೆ ಕುಣ್ತಕ್ಕೆ ನಾನೂ ಹೋಯ್ತೀನಿ.

ಗುತ್ತಲು ತಮ್ಮ ತಮಟೆ ‘ಧುಮ್’ ಅಂತವ್ನೆ. ತಮಟೆ ಧುಮ್ ಅನ್ನಕಿಲ್ಲ ಕಣಪ್ಪ. ಹತ್ರ ನಿಂತ್ಕಂಡ್ ಕೇಳು, ಬೆಂಕೀಲಿ ಕಾಯ್ಸಿದ್ ತಮಟೆ ‘ಟಣ್’ ಅಂತದೆ, ಕಿವಿ ಸೀಳ್ತದೆ. ಅದಕ್ಕೆ ಹೊಟ್ಟೆ ಇಲ್ಲ, ಒಂದ್ ಬಳೆ ಒಂದ್ ಚರ್ಮ ಅಷ್ಟೇ. ನೀನು ಎರಡ್ ಬೀದಿ ಆಚೆ ಕೇಳಿರೋದು ಅದ್ರ ಜೊತೆಗಿದ್ದ ನಗಾರೀನೋ ಡೊಳ್ಳೋ ಇರ್ಬೇಕು. ಮನೆ, ಮರ, ಜನ ಎಲ್ಲಾ ಅಡ್ಡ ಬಂದು ‘ಟಣ್’ ಅನ್ನದು ದಾರೀಲೇ ಕಳೆದೋಗಿ, ದಪ್ಪ ಸದ್ದು ಮಾತ್ರ ನಿನ್ ಎದೇಗೆ ಬಂದದೆ. ಅಂಗಾಗಿ ನಿಂಗ್ ಬೇಕಾಗಿರೋದು ದೂರದ್ ಸದ್ದು. ಮೈಕ್ ತಕ್ಕಂಡೋಗಿ ಡ್ರಮ್ ಹೊಟ್ಟೆ ಒಳಗೆ ಮಡಗಿದ್ರೆ ದೂರ ಎಲ್ಲಿಂದ ಬತ್ತದೆ?

ಇನ್ನೊಂದು. ಹಾಡಲ್ಲಿ ತಮಟೆ ಅದೆ ಅಂದಲ್ಲ, ಅದ್ನ ಯಾವಾಗ ರೆಕಾರ್ಡ್ ಮಾಡ್ದೆ? ರಾತ್ರಿ ತಂಡಿ ಹೊತ್ನಲ್ಲಿ ಚರ್ಮ ಇಳೀತದೆ. ನಾವು ತೆಂಗಿನ್ ಗರೀನೋ ಹುಲ್ಲೋ ಹಚ್ಚಿ ಕಾಯ್ಸ್ಕತೀವಿ, ಅರ್ಧ ಗಂಟೆಗೆ ಮತ್ತೆ ಇಳೀತದೆ. ಒಂದ್ ಸಲ ಏರಿದ್ದು ಒಂದ್ ಸಲ ಇಳಿದಿದ್ದು ಸೇರ್ಸಿ ಇಟ್ಕಂಡಿದ್ರೆ ನಿನ್ ಕಿಕ್ ಯಾವ್ದಕ್ಕೂ ಕೂರಕಿಲ್ಲ.

ಸರಸ್ವತಿಪುರಂ ಸೌಂಡು, ಭಾನುವಾರ ಸಂಜೆ 7:25

ಅಣ್ಣ, ತಪ್ಪೇನಿಲ್ಲ. ಈ ಎಳೆಯಲ್ಲಿ ಇಲ್ಲಿವರೆಗೆ ಬಂದ ಅತಿ ಉಪಯುಕ್ತ ಮಾತು ಇದು. ನಾವೆಲ್ಲ ಅವರು ಕೇಳಿದ ಸದ್ದನ್ನು ಹೇಗೆ ತರೋದು ಅಂತ ಹೇಳ್ತಿದ್ವಿ, ಅವರು ಕೇಳಿದ್ದು ಯಾವ ಸದ್ದು ಅಂತ ಯಾರೂ ಯೋಚಿಸಲಿಲ್ಲ.

ಗುತ್ತಲು, ಹಾಗಾದ್ರೆ ಎರಡು ಮೈಕ್ ಬೇಕು. ಡಿ112ನ್ನು ಬೀಟರ್ ಪಕ್ಕದಿಂದ ತೆಗೆದು ತೂತಿನ ಬಾಯಿಗೆ ತನ್ನಿ. ತೂತಿನ ನೇರಕ್ಕೆ ಬೇಡ, ಒದ್ದಾಗ ಅಲ್ಲಿಂದ ಗಾಳಿ ನುಗ್ಗಿ ಮೈಕಿಗೆ ಹೊಡೆಯತ್ತೆ, ಸ್ವಲ್ಪ ಓರೆಯಾಗಿರಲಿ. ಇನ್ನೊಂದನ್ನು ದೂರದಲ್ಲಿಡಿ. ನಿಮ್ಮ ಹತ್ತಿರ ಕಂಡೆನ್ಸರ್ ಮೈಕ್ (ಸಣ್ಣ ಸದ್ದನ್ನೂ ಹಿಡಿಯೋ ಸೂಕ್ಷ್ಮ ಮೈಕ್) ಇದೆಯಾ? ರೂಮಿನ ಹೊರಗೆ ಮೆಟ್ಟಿಲಿದೆಯಾ?

ಮೆಟ್ಟಿಲು ಕೇಳಿದ್ದಕ್ಕೆ ಕಾರಣ ಇದೆ. ಲೆಡ್ ಝೆಪೆಲಿನ್ ಅನ್ನೋ ರಾಕ್ ಬ್ಯಾಂಡಿನ 1971ರ ಆಲ್ಬಂಗೆ ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಅನ್ನೋ ಹಳೇ ಮನೆಯ ಹಜಾರದಲ್ಲಿ ಅವರ ಡ್ರಮ್ಮರ್ ಬಾನಮ್ ಅವರ ಕಿಟ್ಟಿಟ್ಟು, ಎಂಜಿನಿಯರ್ ಆಂಡಿ ಜಾನ್ಸ್ ಮೈಕ್‌ಗಳನ್ನು ಮೆಟ್ಟಿಲ ಮೇಲಿಂದ ಇಳಿಬಿಟ್ಟಿದ್ರು. ಮಂಡ್ಯದ ಮೆಟ್ಟಿಲೂ ಸಿಮೆಂಟೇ ತಾನೇ.

ಗುತ್ತಲು ಗ್ರೂವ್, ಬುಧವಾರ ರಾತ್ರಿ 12:15

ಮೂರು ದಿನ ಬರೀಲಿಲ್ಲ, ಕ್ಷಮಿಸಿ. ಹೆಡ್ ಮೈಸೂರಿಂದ ತರಿಸ್ದೆ.

ಮೊದಲು ಗೋಡೆ ಪರೀಕ್ಷೆ. ಅಕ್ಕಾ, ಮೂಲೇಲಿ ನಿಂತ್ರೆ ಕಿವಿ ಒಡೆಯೋ ಬಾಸು! ಕುರ್ಚಿ ಹತ್ರ ಬಂದ್ರೆ ಮಾಯ. ಎರಡು ತಿಂಗಳಿಂದ ಆ ಕುರ್ಚೀಲಿ ಕೂತು ಎಲ್ಲಾ ಹಾಡಿಗೂ ಬಾಸ್ ಏರಿಸ್ತಿದ್ದೆ. ಗೆಳೆಯನ ಕಾರಲ್ಲಿ ಹಾಕಿದ್ರೆ ಬಾಗಿಲು ಯಾಕೆ ನಡುಗ್ತಿತ್ತು ಅಂತ ಈಗ ಗೊತ್ತಾಯ್ತು. ಆಗ ಕಾರಿನ ಸ್ಪೀಕರ್ ಸರಿ ಇಲ್ಲ ಅಂತ ಅವನ ಜೊತೆ ಜಗಳ ಆಡಿದ್ದೆ.

ಆಮೇಲೆ ಡ್ರಮ್. ಹಳೇ ಚರ್ಮ ಅಣ್ಣ ಹೇಳಿದ ಹಾಗೇ ಮಾಡ್ದೆ. ರಜಾಯಿ ತೆಗೆದಾಗ ಒಳಗೆ ಎರಡು ಬ್ಯಾಟರಿ, ಕಳೆದುಹೋಗಿದ್ದ ಡ್ರಮ್ ಕೀ, ಒಂದು ಬೀಡಿ ಕಟ್ಟು ಸಿಕ್ತು. ಬೀಡಿ ನಮ್ಮದಲ್ಲ, ಕಿಟ್ಟಿನ ಹಳೇ ಯಜಮಾನರದ್ದು. ಸುಕ್ಕು ಹೋದ ಮೇಲೆ ಕಾಲು ಸುತ್ತು, ಫೆಲ್ಟ್ ಕಡೆ ಬೀಟರ್, ಒಂದು ಟವೆಲ್. ಮೈಕಿಲ್ಲದೆ ಒದ್ದಾಗಲೇ ನಮ್ಮ ಗಿಟಾರಿನವನು ತಿರುಗಿ ನೋಡ್ದ. ಕಿಟ್ಟನ್ನ 12 ಅಡಿ ಕಡೆ ಗೋಡೆಗೆ ಎರಡೂವರೆ ಅಡಿ ಹತ್ರ ತಂದಾಗ ಇನ್ನೂ ದಪ್ಪ ಆಯ್ತು.

ಈಗ ತೊಂದರೆ. ತೂತಿನ ಬಾಯಲ್ಲಿ ಡಿ112, ಚೆನ್ನಾಗಿದೆ. ಮೆಟ್ಟಿಲ ಮೇಲೆ ಕಂಡೆನ್ಸರ್, ಅದೊಂದನ್ನೇ ಕೇಳಿದ್ರೆ ಇನ್ನೂ ಚೆನ್ನಾಗಿದೆ, ಸಾಕ್ಷಾತ್ ಹಬ್ಬದ ಬೀದಿ. ಎರಡನ್ನೂ ಸೇರಿಸಿದ ತಕ್ಷಣ ‘ಧುಮ್’ ಹೋಗಿ ‘ಪುಸ್’. ಎರಡು ಒಳ್ಳೇದು ಸೇರಿ ಒಂದು ಕೆಟ್ಟದ್ದು ಹೇಗಾಯ್ತು?

ಸರಸ್ವತಿಪುರಂ ಸೌಂಡು, ಬುಧವಾರ ರಾತ್ರಿ 12:31

ಎರಡು ಮೈಕಿನ ನಡುವೆ ಎಷ್ಟು ದೂರ? ಟೇಪ್ ಹಿಡಿದು ಹೇಳಿ.

ಗುತ್ತಲು ಗ್ರೂವ್, ಬುಧವಾರ ರಾತ್ರಿ 12:40

ಕೆಳಗೆ ಅಂಗಡಿಯಿಂದಲೇ ಟೇಪ್ ತಂದೆ. ಒಂಬತ್ತೂವರೆ ಅಡಿ.

ಸರಸ್ವತಿಪುರಂ ಸೌಂಡು, ಬುಧವಾರ ರಾತ್ರಿ 12:52

ಬೇಕು ಅಂತ ಇಟ್ಟಿದ್ರೂ ಇಷ್ಟು ಕರಾರುವಾಕ್ಕಾಗಿ ಕೂರ್ತಿರಲಿಲ್ಲ! ಒಂಬತ್ತೂವರೆ ಅಡಿ ಅಂದ್ರೆ 2.9 ಮೀಟರ್. ಶಬ್ದ ಅಷ್ಟು ದೂರ ಹೋಗೋಕೆ ಸುಮಾರು 8.4 ಮಿಲಿಸೆಕೆಂಡ್ ತಗೊಳ್ಳತ್ತೆ. 60 ಹರ್ಟ್ಸಿನ ಒಂದು ಪೂರ್ತಿ ಅಲೆಗೆ 16.7 ಮಿಲಿಸೆಕೆಂಡ್, ಅದರ ಅರ್ಧ 8.3. ಅಂದ್ರೆ ಡಿ112ರಲ್ಲಿ ಅಲೆ ಏರ್ತಿರುವಾಗ ಮೆಟ್ಟಿಲ ಮೈಕಿನಲ್ಲಿ ಅದೇ ಅಲೆ ಇಳೀತಿರತ್ತೆ. ಎರಡೂ ಸೇರಿದ್ರೆ ಕಳೆದುಹೋಗ್ತವೆ. ನೀವು ಕಳಕೊಂಡಿದ್ದು ಸರಿಯಾಗಿ ಆ 60.

ಮೆಟ್ಟಿಲ ಮೈಕಿನ ಟ್ರ್ಯಾಕ್‌ನಲ್ಲಿ ಪೊಲಾರಿಟಿ ಬಟನ್ ಒತ್ತಿ, ಅದು ಅಲೆಯನ್ನು ತಲೆಕೆಳಗು ಮಾಡತ್ತೆ. ಸೊನ್ನೆಗೆ ಅಡ್ಡಗೀಟು ಹಾಕಿದ ಗುರುತು ಇರತ್ತೆ.

ಗುತ್ತಲು ಗ್ರೂವ್, ಬುಧವಾರ ರಾತ್ರಿ 12:58

ಅಯ್ಯಯ್ಯೋ.

ಬಂತು. ಒಂದು ತುಣುಕು ಇಲ್ಲಿ ಹಾಕಿದ್ದೀನಿ, ಕೇಳಿ. ಮಾವ ಮನೆಯಿಂದ ಫೋನ್ ಮಾಡಿ ಅಂಗಡಿ ಷಟರ್ ಯಾರೋ ಒಡೀತಿದ್ದಾರಾ ಅಂತ ಕೇಳಿದ್ರು. ಬೀದಿಯವರು ಯಾರೋ ಹೇಳಿದ್ದಾರೆ.

ಪ್ಲಗಿನ್ ಪುಟ್ಟ, ಗುರುವಾರ ಬೆಳಿಗ್ಗೆ 8:20

ಸರಿ, ಒಪ್ಕೊಂಡೆ, ಚೆನ್ನಾಗಿದೆ. ಆದ್ರೆ ಒಂದು ಕೇಳ್ತೀನಿ, ಪೊಲಾರಿಟಿ ಒತ್ತೋ ಬದಲು ಮೆಟ್ಟಿಲ ಟ್ರ್ಯಾಕನ್ನೇ 8 ಮಿಲಿಸೆಕೆಂಡ್ ಹಿಂದಕ್ಕೆ ಎಳೆದು ಕೂರಿಸಿದ್ರೆ ಇನ್ನೂ ಸರಿಯಲ್ವಾ?

ಸರಸ್ವತಿಪುರಂ ಸೌಂಡು, ಗುರುವಾರ ಬೆಳಿಗ್ಗೆ 8:55

ಎಳೀಬಹುದು. ಎಳೆದ್ರೆ ಗುದ್ದು ಹೆಚ್ಚಾಗತ್ತೆ, ದೂರ ಕಮ್ಮಿ ಆಗತ್ತೆ. ಪಾಂಡವಪುರದ ಅಣ್ಣ ಹೇಳಿದ ದೂರವೇ ಇಲ್ಲಿ ಬೇಕಾಗಿರೋದು, ನಾನಾದ್ರೆ ಮುಟ್ಟಲ್ಲ. ಬೇರೆ ಹಾಡಿಗೆ ಬೇರೆ ಉತ್ತರ.

ಈಕ್ವಲೈಸರ್‌ನ ಆ 12 ಡೆಸಿಬೆಲ್ ಪೂರ್ತಿ ತೆಗೀರಿ. 300, 400 ಹರ್ಟ್ಸ್ ಸುತ್ತ ನಾಲ್ಕೈದು ಡೆಸಿಬೆಲ್ ಇಳಿಸಿ, ರಟ್ಟಿನ ಸದ್ದು ಇರೋದು ಅಲ್ಲಿ. 30ರ ಕೆಳಗೆ ಕತ್ತರಿಸಿ. ತಮಟೆಯ ‘ಟಣ್’ ಮೇಲಿರೋದ್ರಿಂದ ಕಿಕ್ಕಿಗೆ ಕ್ಲಿಕ್ ಸೇರಿಸೋದು ಬೇಡ, ಆ ಜಾಗ ತಮಟೆಗೇ ಬಿಡಿ.

ತಮಟೆ ಮನೆಯವ, ಗುರುವಾರ ಸಂಜೆ 7:40

ಹಾಕಿರೋ ತುಣುಕು ಕೇಳ್ದೆ. ಕಿಕ್ ಚೆನಾಗದೆ. ತಮಟೆ ಇಳಿದದೆ ಕಣಪ್ಪ, ನಾನ್ ಹೇಳಿರ್ಲಿಲ್ವಾ. ಎರಡ್ನೇ ಚರಣದಲ್ಲಿ ‘ಟಣ್’ ಹೋಗಿ ‘ಡಬ್’ ಆಗದೆ. ಭಾನುವಾರ ನಾನೇ ಬತ್ತೀನಿ, ಮೆಟ್ಲತ್ರ ಬೆಂಕಿ ಹಾಕಕ್ಕೆ ಜಾಗ ಅದಾ?

ಗುತ್ತಲು ಗ್ರೂವ್, ಗುರುವಾರ ರಾತ್ರಿ 9:05

ಬನ್ನಿ ಅಣ್ಣಾ, ತಾರಸಿ ಮೇಲೆ ಜಾಗ ಇದೆ. ಕೆಳಗೆ ಅಂಗಡೀಲಿ ಪೇಂಟು, ಥಿನ್ನರ್ ಇದೆ, ಮೆಟ್ಟಿಲ ಹತ್ರ ಬೇಡ, ಮಾವ ನಮ್ಮನ್ನ ಕಿಟ್ಟಿನ ಸಮೇತ ಆಚೆ ಹಾಕ್ತಾರೆ.

ಹಳೇ ಚರ್ಮ ಅಣ್ಣಾ, ಒಂದೇ ಒಂದು ಉಳಿದಿದೆ. ಈಗ ಕಿಕ್ ಇಷ್ಟು ಚೆನ್ನಾಗಿ ಕೇಳ್ತಿರೋದ್ರಿಂದ ಪ್ರತಿ ಪೆಟ್ಟಿನ ಹಿಂದೆ ಪೆಡಲ್ ಸ್ಪ್ರಿಂಗು ‘ಕಿರ್ರ್’ ಅನ್ನೋದೂ ಚೆನ್ನಾಗಿ ಕೇಳ್ತಿದೆ.

ಹಳೇ ಚರ್ಮ, ಗುರುವಾರ ರಾತ್ರಿ 9:30

ಹಾರ್ಡ್‌ವೇರ್ ಅಂಗಡಿ ಮೇಲೆ ಕೂತ್ಕೊಂಡು ಎಣ್ಣೆ ನನ್ನ ಕೇಳ್ತೀಯಲ್ಲೋ. ಹೊಲಿಗೆ ಮಷಿನ್ ಎಣ್ಣೆ, ಸ್ಪ್ರಿಂಗಿನ ಎರಡೂ ಕೊಕ್ಕೆಗೆ ಒಂದೊಂದು ಹನಿ. ಹೆಡ್ಡಿಗೆ ಬೀಳದ ಹಾಗೆ ನೋಡ್ಕೋ.